ಎರಡನೆಯ ಕೃತಿಯ ಋಣ

ಒಬ್ಬನು ಒಂದು ಕೃತಿಯನ್ನು ರಚಿಸಿ ಲೋಕದ ಕೈಗೆ ಕೊಟ್ಟನು. ಲೋಕವು ಅದನ್ನು ಮೆಚ್ಚಿತು. ಅವನು ಎರಡನೆಯ ಕೃತಿಗೆ ಕೈಯಿಕ್ಕಿದಾಗ, ಮೊದಲನೆಯದನ್ನು ಮೆಚ್ಚಿದವರಿಗೆ ಅದರಲ್ಲಿ ಏನಾದರೂ ಹಕ್ಕುಂಟೆ? ಉಂಟಾದರೆ ಅದು ಎಷ್ಟರ ಮಟ್ಟಿನದು? ಪ್ರಶ್ನೆಯು ಸಣ್ಣದಾಗಿ ತೋರಬಹುದು. ಆದರೆ ಇದರ ಉತ್ತರದಲ್ಲಿ ತಪ್ಪಿದರೆ ಒಬ್ಬ ಮನುಷ್ಯನ ಬಾಯಿ ಮುಚ್ಚಿಹೋಗುವ ಸಂಭವವುಂಟೆಂಬುದನ್ನು ನಾನು ಬಲ್ಲೆನು. ಏಕೆಂದರೆ ಅಂಥ ತಪ್ಪು ನನ್ನಿಂದಲೇ ಒಮ್ಮೆ ನಡೆದುಹೋಗಿದೆ. ಅದನ್ನು ಮುಂದೆ ಹೇಳುವೆನು.

ಈ ಪ್ರಶ್ನೆಯು ಈಚೆಗೆ ನನ್ನೆದುರಿಗೆ ಬಂದು ನಿಂತದ್ದು ಕಾವ್ಯಚರ್ಚೆಯಲ್ಲಲ್ಲ. 'ಹೆವಿ ಮೆಟಲ್' ಎಂಬ ಪಾಶ್ಚಾತ್ಯ ಸಂಗೀತದ ಮಾತಿನಲ್ಲಿ. ನನ್ನ ಅಣ್ಣನ ಮಗನೊಬ್ಬನು ಬೆಂಗಳೂರಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಕಾಲದಿಂದಲೂ ಈ ಸಂಗೀತದ ಉಪಾಸಕನು. ಈಗ ನಲ್ವತ್ತರ ಹೊಸ್ತಿಲಿನಲ್ಲಿದ್ದು, ಕಲಬುರಗಿಯಲ್ಲಿ ಹೆಂಡತಿ ಮಕ್ಕಳೊಡನೆ ಸಂಸಾರ ಹೂಡಿದ್ದರೂ ಆ ಉಪಾಸನೆ ತಪ್ಪಿಲ್ಲ. ಬೇಸಗೆಯ ಒಂದು ಸಾಯಂಕಾಲ ಮಾಳಿಗೆಯ ಮೇಲೆ ಗಾಳಿಗೆಂದು ಕುಳಿತಿದ್ದಾಗ ಅವನಿಗೂ ನೆರೆಮನೆಯ ಕಾಲೇಜು ಹುಡುಗನಿಗೂ ವಾದವೆದ್ದಿತು. ವಾದದ ವಸ್ತು ಬೆಂಗಳೂರಿನ 'ಕ್ರಿಪ್ಟೋಸ್' ಎಂಬ ಮೇಳದ ಎರಡನೆಯ ಆಲ್ಬಮ್. ಈ ಮೇಳವನ್ನು ನೋಲನ್ ಲೂಯಿಸ್, ಗಣೇಶ್ ಕೃಷ್ಣಸ್ವಾಮಿ ಎಂಬವರು 1998ರಲ್ಲಿ ಕಟ್ಟಿದರು. ಇವರ ಮೊದಲನೆಯ ಆಲ್ಬಮ್ 'ಸ್ಪೈರಲ್ ಅಸೆಂಟ್' 2004ರಲ್ಲಿಯೂ, ಎರಡನೆಯದಾದ 'ದಿ ಆರ್ಕ್ ಆಫ್ ಜೆಮಿನಿ' 2008ರಲ್ಲಿಯೂ ಬಿಡುಗಡೆಯಾದುವು. ಹಾಡುವ ಭಾಷೆ ಇಂಗ್ಲಿಷು. ಅದು ನನಗೆ ಕೊಂಚ ಬೇಸರವೇ. ಆದರೂ ಮೇಳವು ಕನ್ನಡನಾಡಿನದು. 2013ರಲ್ಲಿ ಜರ್ಮನಿಯ ವಾಕೆನ್ ಎಂಬ ಹಳ್ಳಿಯಲ್ಲಿ ವರ್ಷವರ್ಷವೂ ನೆರೆಯುವ ಈ ಸಂಗೀತದ ಮಹಾಜಾತ್ರೆಯಲ್ಲಿ ನುಡಿಸಿ ಬಂದದ್ದು.

ಹುಡುಗನು ಮೇಳದ ಈಚಿನ ಆಲ್ಬಮ್‌ಗಳಿಂದ ಹಿಂದಕ್ಕೆ ಕೇಳುತ್ತ ಬಂದವನು. ಅವನಿಗೆ ಎರಡನೆಯದು ಬಲು ಮೆಚ್ಚು. ನಮ್ಮವನಿಗಾದರೋ ಇಷ್ಟು ವರ್ಷಗಳಾದರೂ ಅದರ ಮೇಲಿನ ಮುನಿಸು ಹೋಗಿಲ್ಲ. ಕಾರಣವೇನೆಂದು ನಾನು ಕೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು:

"ಕಾಕಾ, ನಾಲ್ಕು ವರ್ಷ ಕಾದಿದ್ವಿರಿ. ಮೊದಲನೇದು ಕೇಳಿದಾಗ 'ಇದು ನಮ್ಮದು' ಅನಿಸಿತ್ತು. ಎರಡನೇದು ಕೇಳಿದಾಗ 'ಇದು ಅವರದು' ಅನಿಸ್ತು. ಅಷ್ಟೇರಿ."

ಈ ಮಾತು ನನ್ನ ನಿದ್ರೆಯನ್ನು ಕೆಡಿಸಿತು.

ಇಂಥ ಸಂಗೀತವು ಸಂಗೀತವೇ ಅಲ್ಲ, ಬರಿಯ ಗದ್ದಲ ಎಂದು ಹೇಳುವ ಹಿರಿಯರು ನಮ್ಮ ವಾಚಕರಲ್ಲಿ ಉಂಟೆಂಬುದನ್ನು ನಾನರಿಯೆನೆಂದಲ್ಲ. ಆ ವಾದವನ್ನು ಇಲ್ಲಿ ಬೆಳೆಸುವುದಿಲ್ಲ. ಮೊಹರಮ್ಮಿನ ಹಲಗೆಯನ್ನೂ ಜಾತ್ರೆಯ ಡೊಳ್ಳನ್ನೂ ಕೇಳಿ ಬೆಳೆದ ಸೀಮೆಯವರು ಬರಿಯ ದೊಡ್ಡ ಸದ್ದನ್ನೇ ದೋಷವೆಂದು ಹೇಳುವುದು ಒಪ್ಪುವ ಮಾತಲ್ಲ, ಅಷ್ಟು ಸಾಕು.

ಈ ಸಂಗೀತವು ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಕಾರ್ಖಾನೆಗಳ ನಡುವೆ. 'ಬ್ಲ್ಯಾಕ್ ಸ್ಯಾಬತ್' ಎಂಬ ಮೇಳದವರಾದ ನಾಲ್ವರೂ ಅಲ್ಲಿಯ ದುಡಿಯುವ ಮನೆಗಳ ಮಕ್ಕಳು. ಅವರಲ್ಲಿ ಗಿಟಾರು ನುಡಿಸುವ ಟೋನಿ ಅಯೋಮಿಯು ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಒಪ್ಪಿಸಿಬಿಟ್ಟನು. ಅವನು ಎಡಗೈಯಿಂದ ಮೀಟುವವನಾದುದರಿಂದ ತಂತಿಯನ್ನೊತ್ತುವ ಬೆರಳುಗಳೇ ಅವು. ಪ್ಲಾಸ್ಟಿಕ್ಕಿನ ಸೀಸೆಯನ್ನು ಕರಗಿಸಿ ಬೆರಳುಗಳಿಗೆ ಟೋಪಿಯಂತೆ ತೊಡಿಸಿಕೊಂಡು, ನೋವು ಕಡಮೆಯಾಗಲೆಂದು ತೆಳುವಾದ ತಂತಿಗಳನ್ನು ಕಟ್ಟಿ, ಬರಬರುತ್ತ ಅವನ್ನು ಸಡಿಲಿಸಿ, ಅವನು ಮತ್ತೆ ನುಡಿಸಿದನು. ಆ ಸಡಿಲಿನಿಂದ ಹೊರಟ ತಗ್ಗಿನ, ತೂಕದ ನಾದವೇ ಮುಂದೆ ಒಂದು ಸಂಪ್ರದಾಯವಾಯಿತು. ಮೇಳದ ಮೊದಲನೆಯ ಆಲ್ಬಮ್ 1970ರ ಫೆಬ್ರವರಿ 13ರಂದು ಹೊರಬಂದಿತು. ಅದನ್ನು ಧ್ವನಿಮುದ್ರಿಸಲು ತೆಗೆದುಕೊಂಡದ್ದು ಹೆಚ್ಚುಕಡಮೆ ಒಂದೇ ದಿನ. ವಿಮರ್ಶಕರು ಅದನ್ನು ಹೀನಾಯವಾಗಿ ಹಳಿದರು. ಜನರು ಮಾತ್ರ ಕೊಂಡರು.

ಎರಡನೆಯದಾದ 'ಪ್ಯಾರಾನಾಯ್ಡ್' ಅದೇ ವರ್ಷದ ಸೆಪ್ಟೆಂಬರ್ 18ರಂದು ಬಂದಿತು. ಬೆಂಗಳೂರಿನವರು ನಾಲ್ಕು ವರ್ಷ ಕಾಯಿಸಿದ್ದನ್ನು ಇವರು ಏಳು ತಿಂಗಳಲ್ಲಿ ಮುಗಿಸಿದರು. ಅವರ ಬೆನ್ನ ಹಿಂದೆ ವರ್ತಕನಿದ್ದನು. ನಮ್ಮ ನಾಡಿನಲ್ಲಾದರೋ ಇಂಥ ಸಂಗೀತದಿಂದ ಹೊಟ್ಟೆ ತುಂಬುವುದು ದುರ್ಲಭ. ಅದಂತಿರಲಿ. ಈ ಎರಡನೆಯ ಆಲ್ಬಮ್ಮಿನ ಹುಟ್ಟಿನಲ್ಲಿ ನಮ್ಮ ಪ್ರಶ್ನೆಗೆ ಬೇಕಾದ ಒಂದು ಸಂಗತಿಯುಂಟು. ಮೇಳದವರು ಅದಕ್ಕೆ 'ವಾರ್ ಪಿಗ್ಸ್' ಎಂದು ಹೆಸರಿಡಬಯಸಿದ್ದರು. ಅದು ಬಡವರ ಮಕ್ಕಳನ್ನು ಯುದ್ಧಕ್ಕೆ ದೂಡಿ ತಾವು ಮನೆಯಲ್ಲಿ ಕುಳಿತಿರುವ ಅಧಿಕಾರಸ್ಥರನ್ನು ಹಂದಿಗಳೆಂದು ಕರೆದ ಹಾಡಿನ ಹೆಸರು. ವಿಯಟ್ನಾಮಿನ ಯುದ್ಧ ನಡೆಯುತ್ತಿದ್ದ ಕಾಲ. ಆಲ್ಬಮ್ಮಿನ ಉದ್ದಕ್ಕೆ ಇನ್ನೂ ಕೆಲವು ನಿಮಿಷ ಕೊರತೆಯಾಯಿತೆಂದು ಕಡೆಯ ಗಳಿಗೆಯಲ್ಲಿ ಥಟ್ಟನೆ ಹೊಸೆದು ಸೇರಿಸಿದ ಸಣ್ಣ ಹಾಡೊಂದಿತ್ತು, ಅದೇ 'ಪ್ಯಾರಾನಾಯ್ಡ್'. ವರ್ತಕರು ಈ ಸಣ್ಣ ಹಾಡಿನ ಹೆಸರನ್ನೇ ಆಲ್ಬಮ್ಮಿಗೆ ಇಟ್ಟರು. ಆದರೆ ಮೇಲುಹೊದಿಕೆಯ ಚಿತ್ರವು ಆಗಲೇ ಹಳೆಯ ಹೆಸರಿಗೆಂದು ಸಿದ್ಧವಾಗಿತ್ತು. ಇಂದಿಗೂ ಅದರ ಮೇಲೆ ಖಡ್ಗವನ್ನೂ ಗುರಾಣಿಯನ್ನೂ ಹಿಡಿದು ಕತ್ತಲೆಯ ಮರಗಳ ನಡುವಿನಿಂದ ನುಗ್ಗುವ ಒಬ್ಬ ಮನುಷ್ಯನಿರುವನು. ಹೆಸರಿಗೂ ಅವನಿಗೂ ಏನು ಸಂಬಂಧವೆಂದು ನೋಡಿದವರು ಬೆರಗಾಗುವರು. ಆ ಆಲ್ಬಮ್ ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೆ ಏರಿತು.

ಹೀಗೆ ಎರಡನೆಯ ಕೃತಿಯ ಬಾಗಿಲಲ್ಲಿ ಮೂವರು ನಿಂತಿರುವರು. ಕರ್ತೃವು ತನಗೆ ತೋರಿದ್ದನ್ನು ಹೇಳಬೇಕೆನ್ನುವನು. ಕೇಳುಗನು ಹಿಂದಿನದನ್ನೇ ಮತ್ತೆ ಕೊಡೆನ್ನುವನು. ವರ್ತಕನು ಯಾವುದಕ್ಕೆ ಬೆಲೆ ಬರುವುದೋ ಅದರ ಹೆಸರನ್ನು ಮೇಲೆ ಬರೆಯುವನು. ವರ್ತಕನ ಹಕ್ಕು ಒಪ್ಪಂದದಿಂದ ಬಂದದ್ದು. ಅದರ ಮಾತು ನ್ಯಾಯಾಲಯಕ್ಕೆ ಸೇರಿದುದು, ನಮಗೆ ಬೇಡ. ಕೇಳುಗನ ಹಕ್ಕು ಯಾವ ಕಾಗದದಲ್ಲಿಯೂ ಇಲ್ಲ. ಆದ್ದರಿಂದಲೇ ಅದು ವಿಚಾರಕ್ಕೆ ತಕ್ಕದ್ದು.

ಈ ತೊಡಕು ಹೊಸದೇನೂ ಅಲ್ಲ. ಪಂಪಕವಿಯು 941ರಲ್ಲಿ ಆದಿಪುರಾಣವನ್ನು ಮುಗಿಸಿದನು. ಪಂಡಿತರು ಅದನ್ನು ಅವನ ಮೊದಲನೆಯ ಕೃತಿಯೆಂದೂ, ವಿಕ್ರಮಾರ್ಜುನ ವಿಜಯವನ್ನು ಎರಡನೆಯದೆಂದೂ ಎಣಿಸುವರು. ಒಂದು ತೀರ್ಥಂಕರನ ಚರಿತ್ರೆ. ತ್ಯಾಗವೇ ಅದರ ತಿರುಳು. ಇನ್ನೊಂದು ವೇಮುಲವಾಡದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಹಾಡಿದ ಯುದ್ಧದ ಕಥೆ. ಆ ಅರಿಕೇಸರಿಯು ನಮ್ಮ ಮಳಖೇಡದಲ್ಲಿ ಆಳುತ್ತಿದ್ದ ರಾಷ್ಟ್ರಕೂಟರ ಸಾಮಂತ. ಆದಿಪುರಾಣವನ್ನು ಕೇಳಿ ಕಣ್ಣೀರು ತುಂಬಿದ ಶ್ರಾವಕನೊಬ್ಬನು ಮುಂದಿನ ಕೃತಿಗಾಗಿ ಕಾದಿದ್ದು, ಕೈಗೆ ಭಾರತದ ಕಥೆ ಬಂದಾಗ, "ಕವಿಯೇ, ನಮ್ಮನ್ನು ಬಿಟ್ಟು ಹೋದೆಯಲ್ಲ" ಎಂದಿದ್ದರೆ ಅವನನ್ನು ಅರಸಿಕನೆಂದು ತಳ್ಳಿಬಿಡಲಾಗದು. ಅವನ ನೋವು ನಿಜವಾದದ್ದು. ಪಂಪನು ಮಾತ್ರ ಒಂದರಲ್ಲಿ ಲೌಕಿಕವನ್ನೂ ಇನ್ನೊಂದರಲ್ಲಿ ಜಿನಾಗಮವನ್ನೂ ಬೆಳಗುವೆನೆಂದು ಬಿಚ್ಚಿ ಹೇಳಿದನು. ಎರಡನ್ನೂ ಕೂಡಿಸಿ ಒಂದೇ ಬೆಲೆಗೆ ಮಾರಲಿಲ್ಲ. ಇಂದು ನಮ್ಮ ಮನೆಗಳಲ್ಲಿ ಪಂಪನನ್ನು ಓದುವವರು ಬಹುಮಟ್ಟಿಗೆ ಎರಡನೆಯದರಿಂದಲೇ ತೊಡಗುವರು. ಬ್ಲ್ಯಾಕ್ ಸ್ಯಾಬತ್ತಿನ ಸ್ಥಿತಿಯೂ ಹಾಗೆಯೇ. 2025ರ ಜುಲೈಯಲ್ಲಿ ಅದರ ಗಾಯಕ ಆಜಿ ಆಸ್ಬೋರ್ನ್ ತೀರಿಕೊಂಡಾಗ ಹಲವರು ನೆನೆದದ್ದು ಆ ಎರಡನೆಯ ಆಲ್ಬಮ್ಮಿನ ಹಾಡುಗಳನ್ನು. ಬರೆದ ಕ್ರಮವೊಂದು, ಕೇಳುವವನ ಕಿವಿಗೆ ಬೀಳುವ ಕ್ರಮವೇ ಬೇರೊಂದು.

ಈಗ ಹಕ್ಕಿನ ಮಾತು. ಹಕ್ಕು, ಋಣ, ಪಾಲು ಎಂಬ ಮಾತುಗಳು ಬಂದರೆ ಈ ಜಿಲ್ಲೆಯವರು ದೂರ ಹೋಗಬೇಕಾದುದಿಲ್ಲ. ಮರತೂರಿನವನೆಂದು ನಾವು ಅಭಿಮಾನಪಡುವ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯೆಯು ಬಂಗಾಳದ ಸೀಮೆಯೊಂದನ್ನು ಬಿಟ್ಟು ಹೆಚ್ಚುಕಡಮೆ ಇಡೀ ದೇಶದ ಹಿಂದೂ ದಾಯಭಾಗಕ್ಕೆ ಆಧಾರವಾಗಿತ್ತು. 1956ರ ಉತ್ತರಾಧಿಕಾರ ಶಾಸನವೂ, ಹೆಣ್ಣುಮಕ್ಕಳಿಗೆ ಜನ್ಮದಿಂದಲೇ ಹಕ್ಕು ಕೊಟ್ಟ 2005ರ ತಿದ್ದುಪಡಿಯೂ ಅದನ್ನು ಬಹಳ ಮಾರ್ಪಡಿಸಿದುವು. ಆದರೆ ಆತನ ವಿವೇಚನೆಯ ಸೂಕ್ಷ್ಮತೆಗೆ ಕುಂದಿಲ್ಲ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ತಂದೆ ಸಾಯುವವರೆಗೆ ಕಾಯಬೇಕಾದುದಿಲ್ಲ. ಆದರೆ ಪಿತ್ರಾರ್ಜಿತಕ್ಕೆ ಹಾನಿಯಿಲ್ಲದಂತೆ ಒಬ್ಬನು ತಾನೇ ಗಳಿಸಿದುದರಲ್ಲಿ ದಾಯಾದಿಗಳಿಗೆ ಪಾಲಿಲ್ಲ. ಹಾನಿಯಾಯಿತೆ, ಆಗಲಿಲ್ಲವೆ ಎಂಬುದೇ ಒರೆಗಲ್ಲು.

ನಮ್ಮ ಅಣ್ಣನ ಮಗನ ವಾದವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ಅವನು ಹೇಳಬಹುದಾದುದಿಷ್ಟು: ಮೊದಲನೆಯ ಆಲ್ಬಮ್ಮನ್ನು ನಾವು ಕೊಂಡೆವು, ಊಟದ ದುಡ್ಡನ್ನು ಉಳಿಸಿ ಅವರ ಕಛೇರಿಗಳಿಗೆ ಹೋದೆವು, ಅವರ ಹೆಸರನ್ನು ಊರೂರಿಗೆ ಹೊತ್ತೆವು, ಆ ಬಂಡವಾಳದ ಮೇಲೆ ಎರಡನೆಯದು ಎದ್ದಿತು, ಆದ್ದರಿಂದ ಅದು ಸ್ವಾರ್ಜಿತವಲ್ಲ, ಕೂಡುಕುಟುಂಬದ ಆಸ್ತಿ. ವಾದವು ದುರ್ಬಲವಲ್ಲ. ನಾನು ಎರಡು ದಿನ ಇದಕ್ಕೆ ಉತ್ತರ ಕಾಣದೆ ಇದ್ದೆನು.

ಆದರೆ ಕೇಳಬೇಕಾದ ಪ್ರಶ್ನೆ ಇದು: ಎರಡನೆಯದು ಹುಟ್ಟಿದ್ದರಿಂದ ಮೊದಲನೆಯದಕ್ಕೆ ಏನು ಹಾನಿಯಾಯಿತು? ಹೊಲವನ್ನು ಮಾರಿದರೆ ಹೊಲ ಹೋಗುವುದು. ಚಿನ್ನವನ್ನು ಕರಗಿಸಿದರೆ ಒಡವೆ ಹೋಗುವುದು. ಎರಡನೆಯ ಹಾಡನ್ನು ಹಾಡಿದರೆ ಮೊದಲನೆಯ ಹಾಡಿನ ಒಂದು ಸ್ವರವೂ ಅಳಿಯುವುದಿಲ್ಲ. 2004ರಲ್ಲಿ ಅವನಿಗೆ ಬಂದ ಪಾಲು ಇಂದಿಗೂ ಅವನ ಕೈಯಲ್ಲಿಯೇ ಇರುವುದು. ಅದನ್ನು ಸ್ವತಃ ಆ ಮೇಳದವರು ಬಂದು ಕೇಳಿದರೂ ಹಿಂದಕ್ಕೆ ಕೊಡಬೇಕಾದುದಿಲ್ಲ. ಅಂದಮೇಲೆ ಎರಡನೆಯದು ಮೂಲಧನಕ್ಕೆ ಹಾನಿಯಿಲ್ಲದೆ ಗಳಿಸಿದ ಸಂಪಾದನೆಯೇ ಸರಿ. ಹೀಗೆಯೇ ಇರಬೇಕೆಂದು ವಿಧಿಸುವ ಹಕ್ಕು ಕೇಳುಗನಿಗಿಲ್ಲ.

ಇಲ್ಲಿಗೆ ಕರ್ತೃವು ಪೂರ್ಣವಾಗಿ ಋಣಮುಕ್ತನಾದನೆ? ಆಗಲಿಲ್ಲ. ಮೊದಲನೆಯ ಕೃತಿಯಿಂದ ಬಂದ ಸಂಪತ್ತಿನಲ್ಲಿ ಖರ್ಚಾಗತಕ್ಕದ್ದು ಒಂದುಂಟು; ಅದು ಹೆಸರು. ಹಾಡು ಸವೆಯದಿದ್ದರೂ ಹೆಸರು ಸವೆಯುವುದು. ಆ ಹೆಸರನ್ನು ಕಟ್ಟಿದವರು ಕೇಳುಗರೂ ಹೌದು. ಆದ್ದರಿಂದ ಒಳಗೆ ಏನೂ ಇಲ್ಲವೆಂದು ತನಗೇ ಗೊತ್ತಿದ್ದೂ, ಹಿಂದಿನದರ ಅಚ್ಚಿನಲ್ಲಿ ಇನ್ನೊಂದನ್ನು ಎರಕಹೊಯ್ದು, ಹಿಂದಿನ ಹೆಸರಿನ ಬೆಲೆಗೆ ಮಾರುವವನು ನಿಜವಾಗಿ ಪಾಲುಗಾರರ ಧನವನ್ನು ತಿಂದವನು. ಇಲ್ಲಿ ವಿಚಿತ್ರವನ್ನು ನೋಡಬೇಕು: ನಾವು ದ್ರೋಹವೆಂದು ದೂರುವುದು ಬದಲಾದವನನ್ನು, ಆದರೆ ಈ ಲೆಕ್ಕದಲ್ಲಿ ಕಳ್ಳನಾಗುವ ಅಪಾಯ ಹೆಚ್ಚಾಗಿರುವುದು ಬದಲಾಗದವನಿಗೆ. ಬದಲಾಗದೆ ಇರುವುದೇ ಕಳ್ಳತನವೆಂದು ನಾನು ಹೇಳುತ್ತಿಲ್ಲ. ಅದೇ ಉಸಿರು ಇನ್ನೂ ಒಳಗಿದ್ದರೆ ಅದೇ ರಾಗವನ್ನು ನೂರು ಸಲ ಹಾಡಲಿ. ನಮ್ಮ ತತ್ವಪದದವರು ಒಂದೇ ಏಕತಾರಿಯಲ್ಲಿ ಜನ್ಮ ಸವೆಸಲಿಲ್ಲವೆ? ಉಸಿರಿದೆಯೋ ಇಲ್ಲವೋ ಎಂಬುದನ್ನು ಹೊರಗಿನವನು ಕಂಡುಹಿಡಿಯುವುದು ಹೇಗೆಂಬುದೇ ಕಷ್ಟ. ನಾನು ಕಂಡುಹಿಡಿಯಬಲ್ಲೆನೆಂದು ತಿಳಿದುದರಿಂದ ಆದ ಅನರ್ಥವನ್ನು ಈಗ ಹೇಳಬೇಕು.

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಕಮಲಾಪುರದ ನನ್ನ ಗೆಳೆಯನೊಬ್ಬನು ಒಂದು ಕವನಸಂಗ್ರಹವನ್ನು ಪ್ರಕಟಿಸಿದ್ದನು. ಕಿರಿದಾದ ಪುಸ್ತಕ, ಓದಿದವರೆಲ್ಲ ಅತ್ತರು. ಮೂರು ವರ್ಷಗಳ ಮೇಲೆ ಎರಡನೆಯ ಸಂಗ್ರಹವು ಬಂದಿತು. ಕಲಬುರಗಿಯಲ್ಲಿ ಅದರ ಬಿಡುಗಡೆಯ ಸಮಾರಂಭ. ಪುಸ್ತಕವನ್ನು ಕುರಿತು ಮಾತನಾಡುವ ಹೊಣೆ ನನ್ನದು. ಸ್ನೇಹಕ್ಕಾಗಿ ಸತ್ಯವನ್ನು ಮರೆಮಾಚಬಾರದೆಂಬ ಧೀರಭಾವದಿಂದ ನಾನು ವೇದಿಕೆಯನ್ನೇರಿ, ಮೊದಲ ಸಂಗ್ರಹದ ಆರ್ದ್ರತೆ ಇಲ್ಲಿ ಕಾಣುವುದಿಲ್ಲವೆಂದೂ, ಕವಿಯು ತನ್ನ ನಿಜವಾದ ದನಿಗೆ ಹಿಂದಿರುಗಬೇಕೆಂದೂ ಹೇಳಿದೆನು. ಸಭಿಕರು ತಲೆದೂಗಿದರು. ಗೆಳೆಯನು ಹಾರವನ್ನು ಮಡಿಲಲ್ಲಿಟ್ಟುಕೊಂಡು ನೆಲವನ್ನು ನೋಡುತ್ತ ಕುಳಿತಿದ್ದನು. ಆಮೇಲೆ ಅವನು ಮೂರನೆಯದನ್ನು ಬರೆಯಲಿಲ್ಲ. ನಮ್ಮ ಸ್ನೇಹ ಕಡಿಯಲಿಲ್ಲ. ಮದುವೆ ಮುಂಜಿಗಳಲ್ಲಿ ಕಲೆಯುತ್ತಿದ್ದೆವು. ಕವಿತೆಯ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಅಣ್ಣನ ಮಗನ "ನಮ್ಮದು, ಅವರದು" ಎಂಬ ಮಾತು ಈ ಹಳೆಯ ಹುಣ್ಣನ್ನು ಕೆರೆಯಿತು. ನಾನು ಅಂದು ವೇದಿಕೆಯ ಮೇಲೆ ಹೇಳಿದ್ದೂ ಅದನ್ನೇ. ಶಬ್ದಗಳು ಮಾತ್ರ ಬೇರೆ. ಮುಂದಿನ ಭಾನುವಾರ ಅವನನ್ನೂ ಕರೆದುಕೊಂಡು ಹುಮನಾಬಾದ ದಾರಿಯ ಬಸ್ಸನ್ನು ಹತ್ತಿದೆನು.

ಕಲಬುರಗಿಯಿಂದ ಕಮಲಾಪುರಕ್ಕೆ ಸುಮಾರು 35 ಕಿಲೋಮೀಟರು. ಮಹಾಗಾಂವ ಕ್ರಾಸು ದಾಟುವವರೆಗೂ ತೊಗರಿಯ ಕಪ್ಪು ನೆಲವೇ ಕಣ್ಣಿಗೆ ಬೀಳುವುದು. ಕಮಲಾಪುರವು ಸಮೀಪಿಸಿದಂತೆ ನೆಲವು ಏರಿಳಿದು ಕೆಂಪಾಗುವುದು. ಈಗ ತಾಲ್ಲೂಕು ಕೇಂದ್ರವಾಗಿರುವ ಈ ಊರಿನ ಸುತ್ತಣ ಕಣಿವೆಯಲ್ಲಿ ಬೆಳೆಯುವ ಕೆಂಪು ಬಾಳೆಯು ಭೌಗೋಳಿಕ ಸೂಚಕದ ಮನ್ನಣೆ ಪಡೆದದ್ದು, ಬೆಲೆಯಲ್ಲಿಯೂ ಹೆಚ್ಚಿನದು. ಬೇರೆ ಬಾಳೆಗಳು ವರ್ಷದಲ್ಲಿ ಫಲ ಕೊಟ್ಟರೆ ಇದಕ್ಕೆ ಸುಮಾರು ಒಂದೂವರೆ ವರ್ಷ ಬೇಕು. ಗೆಳೆಯನು ತೋಟದಲ್ಲಿದ್ದನು, ಕೈಯಲ್ಲಿ ಕುಡುಗೋಲು. ತಾಯಿಗಿಡದ ಸುತ್ತ ಎದ್ದ ಕಂದುಗಳಲ್ಲಿ ಒಂದನ್ನು ಮುಂದಿನ ಬೆಳೆಗೆಂದು ಉಳಿಸಿ ಮಿಕ್ಕವನ್ನು ಕಡಿದುಹಾಕುತ್ತಿದ್ದನು. ಅಗಲವಾದ ಎಲೆಗಳನ್ನು ಹರಡಿ ಸೊಂಪಾಗಿ ಕಾಣುತ್ತಿದ್ದ ಒಂದನ್ನು ಅವನು ಕಡಿದದ್ದನ್ನು ಕಂಡು, ಇದನ್ನೇಕೆ ಉಳಿಸಬಾರದಾಗಿತ್ತೆಂದು ಅಣ್ಣನ ಮಗನು ಕೇಳಿದನು.

"ಇದು ನೀರುಕಂದು. ಎಲಿ ನೋಡಿ ಮರುಳಾಗಬ್ಯಾಡ, ಬುಡಾ ಗಟ್ಟಿ ಇರಂಗಿಲ್ಲ," ಎಂದು ಅವನು ಕತ್ತಿಯಂತೆ ಕಿರಿದಾದ ಎಲೆಗಳ ಇನ್ನೊಂದು ಕಂದನ್ನು ತೋರಿಸಿದನು.

ಕೆಂಪು ಬಾಳೆಯ ಜಾತಿಯಲ್ಲಿ ಒಮ್ಮೊಮ್ಮೆ ಕೆಂಪು ತಾಯಿಯ ಬುಡದಿಂದಲೇ ಹಸಿರು ಸಿಪ್ಪೆಯ ಹಣ್ಣು ಬಿಡುವ ಗಿಡವು ಎದ್ದುಬಿಡುವುದೆಂದು ಸಸ್ಯಶಾಸ್ತ್ರಜ್ಞರು ಹೇಳುವರು. ತಿರುಳು ಹೆಚ್ಚುಕಡಮೆ ಒಂದೇ. ಸಿಪ್ಪೆ ಮಾತ್ರ ಬೇರೆ. ನಾನು ಇದನ್ನು ಎತ್ತಿ, ಅಂಥ ಗೊನೆಯನ್ನು ನೀನಾದರೆ ಏನು ಮಾಡುವೆಯೆಂದು ಗೆಳೆಯನನ್ನು ಕೇಳಿದೆನು.

"ಬಜಾರದಾಗ ಕೆಂಪಂತ ಹೇಳಿ ಮಾರಾಕ ಬರಂಗಿಲ್ಲ. ಮನ್ಯಾಗ ತಿಂತೀವಿ," ಎಂದನು.

ಮನಸ್ಸಿನಲ್ಲಿದ್ದುದನ್ನು ಇನ್ನು ತಡೆಯಲಾರದೆ, ಆ ದಿನದ ಸಭೆಯನ್ನೂ ನನ್ನ ಮಾತನ್ನೂ ನೆನಪಿಸಿ, ತಪ್ಪಾಯಿತೆಂದೆನು. ಅವನು ಕುಡುಗೋಲನ್ನು ನೆಲಕ್ಕೂರಿ ಕುಳಿತನು. ಸಿಟ್ಟೇನೂ ಕಾಣಲಿಲ್ಲ.

"ನೀ ಅಂದದ್ದು ಸುಳ್ಳೇನಲ್ಲ. ಆದ್ರ ಮೊದಲನೇ ಪುಸ್ತಕ ನಮ್ಮವ್ವ ಸತ್ತ ವರ್ಷ ಬರದದ್ದು. ಎರಡನೇ ಸಲಕ್ಕ ಅವ್ವನ್ನ ಎಲ್ಲಿಂದ ತರಲಿ ಹೇಳು?"

ನಾನು ಏನನ್ನೂ ಹೇಳಲಿಲ್ಲ. ಪಿತ್ರಾರ್ಜಿತ ಸ್ವಾರ್ಜಿತಗಳೆಂದು ನಾನು ಎರಡು ದಿನ ಕಟ್ಟಿದ ವಾದವೆಲ್ಲ ಸರಿಯೇ ಇರಬಹುದು. ಅದರಲ್ಲಿ ಈ ಬಾಬತ್ತಿಗೆ ಸ್ಥಳವಿರಲಿಲ್ಲ. ಮೊದಲನೆಯದನ್ನೇ ಇನ್ನೊಮ್ಮೆ ಕೊಡೆಂದು ಕೇಳುವವನು, ಅದು ಯಾವ ಬೆಲೆಗೆ ಬಂದಿತೆಂಬುದನ್ನು ಕೇಳಿಯೇ ಇರುವುದಿಲ್ಲ. ಅಯೋಮಿಯ ನಾದವನ್ನು ಮೆಚ್ಚಿದವರು ಇನ್ನೆರಡು ಬೆರಳುಗಳನ್ನು ಕೇಳಿದಂತಾಯಿತು.

ಅಣ್ಣನ ಮಗನು ಇದನ್ನೆಲ್ಲ ಕೇಳುತ್ತ ಬದುವಿನ ಮೇಲೆ ಕುಳಿತಿದ್ದನು. ನಾವು ಬಂದ ಕಾರಣವನ್ನು ನಾನು ಗೆಳೆಯನಿಗೆ ತಿಳಿಸಿದಾಗ ಅವನಿಗೆ ನಗೆ ಬಂದಿತು. ಆ ಎರಡನೆಯದನ್ನು ತನಗೂ ಒಮ್ಮೆ ಕೇಳಿಸೆಂದನು. ಹುಡುಗನು ಮೊಬೈಲನ್ನು ತೆಗೆದು ಇಯರ್‌ಫೋನುಗಳನ್ನು ಅವನ ಕಿವಿಗಿಟ್ಟನು. ನಡುವೆ ಕಿತ್ತೆಸೆಯುವನೆಂದು ನಾನು ಎಣಿಸಿದ್ದೆನು. ಅವನು ಕಣ್ಣು ಮುಚ್ಚಿ, ಕುಡುಗೋಲಿನ ಹಿಡಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತ, ಕಡೆಯ ಹಾಡಿನವರೆಗೂ ಕುಳಿತಿದ್ದನು. ಅಷ್ಟರಲ್ಲಿ ಬಿಸಿಲು ಬಾಳೆಯ ಸಾಲನ್ನು ದಾಟಿತ್ತು.

"ಕಾಕಾ, ಮೊದಲನೇದೂ ಹಚ್ಚಲೇನ್ರಿ? ಅದು ಇದಕ್ಕಿಂತ ಭಾಳ ಚಲೋ ಅದ," ಎಂದು ಅಣ್ಣನ ಮಗನು ಉತ್ಸಾಹದಿಂದ ಕೇಳಿದನು.

"ಬ್ಯಾಡ," ಎಂದನು ಗೆಳೆಯ. "ಇದನ್ನೇ ಇನ್ನೊಮ್ಮೆ ಹಚ್ಚು."